ಕಾಳೂ ಬೇಕು, ಹುಲ್ಲೂ ಬೇಕು

ಸುಗ್ಗಿಯ ಕಣದಲ್ಲಿ ಬೆಳೆ ಎರಡು ಪಾಲಾಗುತ್ತದೆ. ಬಡಿದು, ತೂರಿ, ಹಸನು ಮಾಡಿದ ಕಾಳು ಒಂದು ಕಡೆ. ಕಾಳು ಉದುರಿಸಿಕೊಂಡ ಹುಲ್ಲು ಇನ್ನೊಂದು ಕಡೆ. ಕಾಳನ್ನು ಅಳೆಯುತ್ತಾರೆ, ತೂಗುತ್ತಾರೆ, ಚೀಲಕ್ಕೆ ತುಂಬಿ ಲೆಕ್ಕ ಬರೆದಿಡುತ್ತಾರೆ. ಹುಲ್ಲನ್ನು ಬಣವೆ ಒಟ್ಟುತ್ತಾರೆ. ಅದರ ಲೆಕ್ಕವನ್ನು ಬರೆದಿಡುವವರು ವಿರಳ. ಆದರೆ ಬೇಸಗೆ ಬಂದು, ಬದುಗಳೆಲ್ಲ ಒಣಗಿ, ಹಸುರೆಂಬುದು ಕಣ್ಣಿಗೆ ಬೀಳದಂತಾದಾಗ ಹಟ್ಟಿಯ ದನ ಮೆಲುಕು ಹಾಕುವುದು ಆ ಲೆಕ್ಕವಿಲ್ಲದ ರಾಶಿಯನ್ನೇ. ಪಟ್ಟಣದ ನಮ್ಮ ಮನೆಗಳಿಗೆ ಬೆಳಗಾಗುತ್ತಲೆ ಬರುವ ಹಾಲಿನಲ್ಲಿಯೂ ಅದರ ಪಾಲು ಉಂಟು.

ನಮ್ಮ ಹಿರಿಯರು ಈ ಎರಡು ಪಾಲುಗಳನ್ನು ಬೇರೆ ಬೇರೆ ಎಂದು ಎಣಿಸಿದವರಲ್ಲ. ಕ್ರಿಸ್ತಶಕ ೧೦೨೫ರ ಸುಮಾರಿಗೆ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ವನ್ನು ತೆರೆದು ನೋಡಿದರೆ, ಗಿಡಮರಗಳ ಆರೈಕೆ, ಅಡುಗೆಯ ವಿಧಾನ, ಪಶುಗಳ ಚಿಕಿತ್ಸೆ ಎಲ್ಲವೂ ಒಂದೇ ಗ್ರಂಥದೊಳಗೆ ನೆರೆಹೊರೆಯಾಗಿ ಕುಳಿತಿವೆ. ಇಪ್ಪತ್ತನೆಯ ಶತಮಾನದ ವಿಜ್ಞಾನವು ಇವನ್ನು ಬೇರೆ ಬೇರೆ ಇಲಾಖೆಗಳಿಗೆ ಹಂಚಿಕೊಟ್ಟಿತು. ಬತ್ತದ ತಳಿಯನ್ನು ತಿದ್ದಲು ಹೊರಟ ಪಂಡಿತರು ಕಾಳಿನ ಮೇಲೆ ಕಣ್ಣಿಟ್ಟರು. ಹುಲ್ಲು ಬಹುಕಾಲ ಅವರ ದೃಷ್ಟಿಯಿಂದ ಮರೆಯಾಗಿತ್ತು. ಆ ತಿದ್ದುಪಡಿಯ ಚರಿತ್ರೆಯನ್ನೂ, ಮರೆತ ಹುಲ್ಲು ಮತ್ತೆ ನೆನಪಿಗೆ ಬಂದ ಬಗೆಯನ್ನೂ ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ.

ಮೊದಲು ತಿದ್ದುಪಡಿ ಎಂದರೇನೆಂದು ನೋಡೋಣ. ಹಳೆಯ ಓಲೆಗರಿಗಳನ್ನು ಪರಿಚಯಮಾಡಿಕೊಂಡವರಿಗೆ ಲಿಪಿಕಾರನ ಕೈತಪ್ಪು ಹೊಸದಲ್ಲ. ಒಂದು ಪ್ರತಿಯಿಂದ ಇನ್ನೊಂದು ಪ್ರತಿಯನ್ನು ಎತ್ತಿ ಬರೆಯುವಾಗ ಎಲ್ಲಿಯೋ ಒಂದು ಅಕ್ಷರ ಬಿಟ್ಟುಹೋಗುತ್ತದೆ. ಎಲ್ಲಿಯೋ ಒಂದು ಅಕ್ಷರದ ಸ್ಥಾನದಲ್ಲಿ ಇನ್ನೊಂದು ಬರುತ್ತದೆ. ಮುಂದೆ ಆ ಪ್ರತಿಯನ್ನು ನೋಡಿ ಬರೆಯುವವರೆಲ್ಲರೂ ಅದೇ ತಪ್ಪನ್ನು ಬರೆಯುತ್ತಾರೆ. ಬಹುಪಾಲು ತಪ್ಪುಗಳು ಅರ್ಥವನ್ನು ಕೆಡಿಸುತ್ತವೆ. ಅಪರೂಪಕ್ಕೊಮ್ಮೆ ತಪ್ಪಿನಿಂದ ಹುಟ್ಟಿದ ಪಾಠಾಂತರವೇ ಮೂಲಕ್ಕಿಂತ ಸೊಗಸಾಗಿ ಒದಗುವುದೂ ಉಂಟು. ಬೀಜದೊಳಗೂ ಇಂಥದೊಂದು ಬರಹವಿದೆ. ತಲೆಮಾರಿನಿಂದ ತಲೆಮಾರಿಗೆ ಅದು ಪ್ರತಿಯಾಗುತ್ತ ಸಾಗುವಾಗ ಆಗುವ ಅಕ್ಷರವ್ಯತ್ಯಾಸಕ್ಕೆ ಉತ್ಪರಿವರ್ತನೆ ಎಂದು ಹೆಸರು. ಹಾಲೆಂಡಿನ ಹ್ಯೂಗೊ ಡಿ ವ್ರೀಸ್ ಎಂಬ ಸಸ್ಯಶಾಸ್ತ್ರಜ್ಞನು ಸಂಜೆ ಅರಳುವ ಒಂದು ಹಳದಿ ಹೂವಿನ ಗಿಡದಲ್ಲಿ ತಾಯಿಗಿಡವನ್ನು ಹೋಲದ ಸಸಿಗಳು ಥಟ್ಟನೆ ಕಾಣಿಸಿಕೊಂಡುದನ್ನು ಗಮನಿಸಿ, ೧೯೦೧ರಲ್ಲಿ ಈ ತತ್ತ್ವವನ್ನು ಲೋಕದ ಮುಂದಿಟ್ಟನು.

ನಮ್ಮ ನೆರೆಯಲ್ಲಿಯೇ ಇದಕ್ಕೊಂದು ಉದಾಹರಣೆಯಿದೆ. ಕೊಯಮತ್ತೂರಿನ ಕೃಷಿಕ್ಷೇತ್ರದಿಂದ ೧೯೨೧ರಲ್ಲಿ ಹೊರಬಂದ ಜಿಇಬಿ-೨೪ ಎಂಬ ಸಣ್ಣಕಾಳಿನ ಬತ್ತವು ಪೈರಿನ ನಡುವೆ ತಾನಾಗಿ ಹುಟ್ಟಿದ ಇಂಥ ಪಾಠಾಂತರವೇ. ಅದನ್ನು ಯಾರೂ ಮಾಡಲಿಲ್ಲ. ಕಂಡವರು ಗುರುತಿಸಿ ಎತ್ತಿಟ್ಟರು, ಅಷ್ಟೆ. ಮುಂದೆ ಎಷ್ಟೋ ತಳಿಗಳಿಗೆ ಅದು ತಾಯಿಯೋ ತಂದೆಯೋ ಆಯಿತು.

ಹೀಗೆ ಪ್ರಕೃತಿಯ ಕೈತಪ್ಪಿಗಾಗಿ ಕಾದು ಕುಳಿತರೆ ತಲೆಮಾರುಗಳೇ ಕಳೆದುಹೋಗಬಹುದು. ಬೇಕೆಂದೇ ತಪ್ಪು ಮಾಡಿಸಲು ಸಾಧ್ಯವೆ? ೧೯೨೭ರಲ್ಲಿ ಅಮೆರಿಕದ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳ ಮೇಲೆ ಕ್ಷ-ಕಿರಣ ಹಾಯಿಸಿ, ಸಾಧ್ಯವೆಂದು ತೋರಿಸಿದನು. ಈ ಶೋಧಕ್ಕೆ ೧೯೪೬ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಮರುವರ್ಷವೇ, ೧೯೨೮ರಲ್ಲಿ, ಮಿಸ್ಸೂರಿಯ ಲೂಯಿಸ್ ಸ್ಟ್ಯಾಡ್ಲರ್ ಬಾರ್ಲಿಯಲ್ಲಿ ಅದೇ ಫಲವನ್ನು ಕಂಡನು. ಆದರೆ ಇದರಿಂದ ರೈತನಿಗೆ ಉಪಯೋಗವಾದೀತೆಂಬ ವಿಷಯದಲ್ಲಿ ಸ್ಟ್ಯಾಡ್ಲರನಿಗೆ ಹೆಚ್ಚಿನ ಭರವಸೆ ಇರಲಿಲ್ಲ. ಕಿರಣ ಬಿದ್ದ ಗಿಡಗಳಲ್ಲಿ ಬಹುಪಾಲು ಬಿಳಿಚಿದವು, ಬಂಜೆಯಾದವು, ಸೊರಗಿದವು. ಅವನ ಸಂಶಯ ನಿರಾಧಾರವಾದುದಲ್ಲ. ಸಾವಿರ ತಪ್ಪುಗಳಲ್ಲಿ ಒಂದು ಸೊಗಸಾದ ಪಾಠವನ್ನು ಹುಡುಕುವ ತಾಳ್ಮೆ ಬೇಕಾಗಿತ್ತು. ಆ ತಾಳ್ಮೆಯನ್ನು ಮೊದಲು ತೋರಿದವರಲ್ಲಿ ಬಾರ್ಲಿಯ ಮೇಲೆ ದುಡಿದ ಸ್ವೀಡನ್ನಿನವರು ಮುಖ್ಯರು. ಬತ್ತದಲ್ಲಿ ಆ ಕೀರ್ತಿಯ ದೊಡ್ಡ ಪಾಲು ಜಪಾನಿಗೆ ಸಲ್ಲಬೇಕು.

ಅಣುಶಕ್ತಿಯ ಉಗ್ರರೂಪವನ್ನು ೧೯೪೫ರಲ್ಲಿ ತನ್ನ ಎರಡು ಪಟ್ಟಣಗಳ ಮೇಲೆ ಅನುಭವಿಸಿದ ದೇಶ ಅದು. ಹದಿನೈದು ವರ್ಷ ಕಳೆಯುವುದರೊಳಗೆ, ೧೯೬೦ರಲ್ಲಿ, ಇಬಾರಾಕಿ ಪ್ರಾಂತದ ಓಮಿಯದಲ್ಲಿ ಜಪಾನೀಯರು ವಿಕಿರಣದ ತೋಟವೊಂದನ್ನು ಕಟ್ಟಿದರು. ನೂರು ಮೀಟರು ತ್ರಿಜ್ಯದ ದುಂಡನೆಯ ಹೊಲ. ಸುತ್ತಲೂ ಎತ್ತರವಾದ ಮಣ್ಣಿನ ದಿಬ್ಬ. ನಟ್ಟನಡುವೆ ಕಂಬದಲ್ಲಿ ಗಾಮಾ ಕಿರಣಗಳನ್ನು ಸೂಸುವ ಕೋಬಾಲ್ಟ್. ನಡುವಿಗೆ ಹತ್ತಿರ ನೆಟ್ಟ ಗಿಡಕ್ಕೆ ಹೆಚ್ಚು ಕಿರಣ, ಅಂಚಿನ ಗಿಡಕ್ಕೆ ಕಡಮೆ. ಬತ್ತಕ್ಕಾದರೋ ಇಷ್ಟು ದೊಡ್ಡ ತೋಟವೇ ಬೇಕೆಂದಿಲ್ಲ. ಪೆಟ್ಟಿಗೆಯಲ್ಲಿಟ್ಟ ಬೀಜಕ್ಕೆ ಕೆಲವು ಹೊತ್ತು ಕಿರಣ ತಾಗಿಸಿ ಬಿತ್ತಿದರೆ ಸಾಕು. ಮೊದಲ ವರ್ಷದ ಪೈರಿನಲ್ಲಿ ವಿಶೇಷವೇನೂ ಕಾಣುವುದಿಲ್ಲ. ಏಕೆಂದರೆ ಪ್ರತಿಯೊಂದು ಬರಹಕ್ಕೂ ಬೀಜದಲ್ಲಿ ಎರಡು ಪ್ರತಿಗಳಿರುತ್ತವೆ. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ಆ ಪೈರಿನ ಬೀಜವನ್ನು ಎತ್ತಿ ಮತ್ತೆ ಬಿತ್ತಿದಾಗ, ಎರಡನೆಯ ತಲೆಮಾರಿನಲ್ಲಿ, ಎರಡು ಪ್ರತಿಗಳಲ್ಲಿಯೂ ತಪ್ಪಿರುವ ಸಸಿಗಳು ಹುಟ್ಟಿ ಬಚ್ಚಿಟ್ಟ ಬದಲಾವಣೆಯನ್ನು ಹೊರಗೆಡಹುತ್ತವೆ. ಆಗ ಸಾವಿರಾರು ಗಿಡಗಳ ಸಾಲಿನಲ್ಲಿ ಒಂದೊಂದನ್ನೂ ನೋಡುತ್ತ ನಡೆಯಬೇಕು. ಇಂಥ ಬತ್ತದ ಅನ್ನದಲ್ಲಿ ಕಿರಣ ಉಳಿದಿರುವುದಿಲ್ಲವೆ ಎಂಬ ಶಂಕೆ ಯಾರಿಗೂ ಬೇಡ. ಗಾಮಾ ಕಿರಣ ಬೀಜವನ್ನು ಹಾಯ್ದು ಹೋಗುತ್ತದೆ, ಅದರಲ್ಲಿ ನಿಲ್ಲುವುದಿಲ್ಲ. ಉಳಿಯುವುದು ಅಕ್ಷರದ ಬದಲಾವಣೆ ಮಾತ್ರ.

ಫುಜಿಮಿನೋರಿ ಎಂಬ ಜಪಾನೀ ಬತ್ತದ ಬೀಜಕ್ಕೆ ಗಾಮಾ ಕಿರಣ ತಾಗಿಸಿ ಪಡೆದ ಗಿಡ್ಡ ತಳಿಯು ೧೯೬೬ರಲ್ಲಿ ರೈತರ ಕೈಸೇರಿತು. ಅದಕ್ಕೆ ‘ರೈಮೈ’ ಎಂದು ಹೆಸರಿಟ್ಟರು. ಅರುಣೋದಯವೆಂದು ಅದರ ಅರ್ಥ. ತಾಯಿತಳಿಗಿಂತ ಅದು ಸುಮಾರು ಹದಿನೈದು ಸೆಂಟಿಮೀಟರು ಗಿಡ್ಡ. ಒಂದು ಗೇಣಿಗೂ ಕಡಮೆಯಾದ ಈ ವ್ಯತ್ಯಾಸದಲ್ಲಿ ಅಂಥ ದೊಡ್ಡಸ್ತಿಕೆ ಏನಿದೆ ಎಂದು ಕೇಳಬಹುದು. ಬತ್ತಕ್ಕೆ ಗೊಬ್ಬರ ಹೆಚ್ಚಾಗಿ ಕೊಟ್ಟರೆ ತೆನೆ ಭಾರವಾಗುತ್ತದೆ. ಉದ್ದನೆಯ ದಂಟು ಆ ಭಾರವನ್ನು ತಾಳಲಾರದೆ ಗಾಳಿಮಳೆಗೆ ಮಲಗಿಬಿಡುತ್ತದೆ. ಮಲಗಿದ ಪೈರು ನೀರಿನಲ್ಲಿ ಕೊಳೆಯುತ್ತದೆ, ಮೊಳೆಯುತ್ತದೆ. ದಂಟು ಗಿಡ್ಡವಾದರೆ ತೆನೆ ಹೊತ್ತು ನಿಲ್ಲುತ್ತದೆ. ಗೊಬ್ಬರವನ್ನು ಕಾಳಾಗಿ ಮಾಡಿಕೊಳ್ಳುವ ಉಪಾಯದ ಮರ್ಮ ಇಷ್ಟೆ.

ಇದೇ ಮರ್ಮವನ್ನು ತೈವಾನಿನಲ್ಲಿ ಪ್ರಕೃತಿಯೇ ಬಯಲು ಮಾಡಿತ್ತು. ಅಲ್ಲಿಯ ಡೀ-ಜಿಯೊ-ವೂ-ಜೆನ್ ಎಂಬ ಗಿಡ್ಡ ಬತ್ತದಿಂದ ೧೯೫೬ರಲ್ಲಿ ತೈಚುಂಗ್ ನೇಟಿವ್-೧ ಎಂಬ ತಳಿ ಬಂತು. ಅದೇ ಗಿಡ್ಡ ಬತ್ತವನ್ನು ಇಂಡೊನೇಷ್ಯದ ಎತ್ತರದ ಪೇಟಾ ತಳಿಯೊಡನೆ ಕೂಡಿಸಿ, ಫಿಲಿಪೈನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನ ಸಂಸ್ಥೆಯು ೧೯೬೬ರಲ್ಲಿ ಐಆರ್-೮ ಎಂಬ ತಳಿಯನ್ನು ಹೊರತಂದಿತು. ಅತ್ತ ಕ್ಯಾಲಿಫೋರ್ನಿಯದಲ್ಲಿ ಕ್ಯಾಲ್‌ರೋಸ್ ಎಂಬ ಬತ್ತಕ್ಕೆ ಗಾಮಾ ಕಿರಣ ತಾಗಿಸಿ ಪಡೆದ ಗಿಡ್ಡ ತಳಿಯನ್ನು ೧೯೭೬ರಲ್ಲಿ ಬಿಡುಗಡೆ ಮಾಡಿದರು. ಮೂರು ದೇಶ, ಮೂರು ಕಥೆ. ೨೦೦೨ರಲ್ಲಿ ವಿಜ್ಞಾನಿಗಳು ಈ ತಳಿಗಳ ಒಳಬರಹವನ್ನು ಓದಿ ನೋಡಿದಾಗ ತಿಳಿದುಬಂದ ಸಂಗತಿ ಸ್ವಾರಸ್ಯವಾದುದು. ಗಿಡವನ್ನು ಎತ್ತರಕ್ಕೆ ಬೆಳೆಸುವ ಜಿಬ್ಬರೆಲಿನ್ ಎಂಬ ರಸದ ತಯಾರಿಕೆಗೆ ಸಂಬಂಧಿಸಿದ ಒಂದೇ ವಂಶವಾಹಿಯಲ್ಲಿ ಮೂವರ ತಪ್ಪೂ ಬಿದ್ದಿತ್ತು! ತೈವಾನಿನ ಬತ್ತದಲ್ಲಿ ೩೮೩ ಅಕ್ಷರಗಳು ಬಿಟ್ಟುಹೋಗಿದ್ದವು. ರೈಮೈ ಮತ್ತು ಕ್ಯಾಲ್‌ರೋಸ್-೭೬ ತಳಿಗಳಲ್ಲಿ ಒಂದೊಂದು ಅಕ್ಷರ ಮಾತ್ರ ಪಲ್ಲಟವಾಗಿತ್ತು. ಒಬ್ಬರನ್ನೊಬ್ಬರು ಕಾಣದ ಮೂವರು ಲಿಪಿಕಾರರು ಒಂದೇ ಪದದಲ್ಲಿ ಎಡವಿದಂತಾಯಿತು. ಆ ಎಡವಿನಿಂದ ಕೋಟ್ಯಂತರ ಜನರಿಗೆ ಅನ್ನ ದೊರಕಿತು.

ನಮ್ಮ ದೇಶದ ಕಥೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಅರುವತ್ತರ ದಶಕದ ನಡುವೆ ಹೊಸ ಬೀಜಗಳು ಬಂದಾಗ ಅವುಗಳ ವಾರ್ತೆಯನ್ನು ಹಳ್ಳಿಹಳ್ಳಿಗೆ ಹೊತ್ತವುಗಳಲ್ಲಿ ಆಕಾಶವಾಣಿಯೂ ಒಂದು. ಮೇಲೆ ಹೇಳಿದ ಜಿಇಬಿ-೨೪ನ್ನು ಜಪಾನಿನ ತಳಿಯೊಂದರೊಡನೆ ಕೂಡಿಸಿ ಪಡೆದ ಎಡಿಟಿ-೨೭ನ್ನು ತಂಜಾವೂರು ಸೀಮೆಯ ರೈತರು ‘ರೇಡಿಯೋ ಬತ್ತ’ ಎಂದೇ ಕರೆದರು. ೧೯೬೮ರಲ್ಲಿ ‘ಜಯ’ ಬಂತು. ತೈಚುಂಗ್ ತಳಿಯನ್ನು ಒಡಿಶಾದ ಟಿ-೧೪೧ ಎಂಬ ಬತ್ತದೊಡನೆ ಕೂಡಿಸಿದುದರ ಫಲ ಅದು. ಅದೇ ಟಿ-೧೪೧ಕ್ಕೆ ಕ್ಷ-ಕಿರಣ ಹಾಯಿಸಿ ಪಡೆದ ‘ಜಗನ್ನಾಥ’ ೧೯೬೯ರಲ್ಲಿ ಒಡಿಶಾದಲ್ಲಿ ಹೊರಬಂತು. ಒಂದೇ ತಾಯಿಯ ಎತ್ತರವನ್ನು ಒಬ್ಬರು ಸಂಕರದಿಂದ ತಗ್ಗಿಸಿದರು, ಇನ್ನೊಬ್ಬರು ಕಿರಣದಿಂದ. ಕನ್ನಡನಾಡಿನಲ್ಲಿಯೂ ಮಂಡ್ಯದ ನಾಲೆಯ ಬಯಲು, ತುಂಗಭದ್ರೆಯ ಬಯಲುಗಳಲ್ಲಿ ಐಆರ್-೮, ಜಯ ತಳಿಗಳು ಹಬ್ಬಿದವು. ಇಂದು ಲೋಕದಲ್ಲಿ ದಾಖಲಾದ ಉತ್ಪರಿವರ್ತಿತ ತಳಿಗಳ ಸಂಖ್ಯೆ ಮೂರು ಸಾವಿರವನ್ನು ಮೀರಿದೆ; ಅವುಗಳಲ್ಲಿ ಬತ್ತದ ಪಾಲೇ ಎಲ್ಲಕ್ಕಿಂತ ದೊಡ್ಡದು.

ಇನ್ನು ಹುಲ್ಲಿನ ಮಾತಿಗೆ ಬರೋಣ. ಹಳೆಯ ಎತ್ತರದ ತಳಿಗಳಲ್ಲಿ, ನೆಲದ ಮೇಲಿನ ಗಿಡದ ತೂಕ ನೂರು ಪಾಲಾದರೆ ಕಾಳು ಸುಮಾರು ಮೂವತ್ತು ಪಾಲು, ಉಳಿದುದೆಲ್ಲ ಹುಲ್ಲು. ಐಆರ್-೮ರಂಥ ಗಿಡ್ಡ ತಳಿಯಲ್ಲಿ ಕಾಳು ಐವತ್ತು ಪಾಲಿನ ಹತ್ತಿರಕ್ಕೆ ಏರಿತು. ಎಂದರೆ ಒಂದು ಕ್ವಿಂಟಲ್ ಕಾಳಿನ ಹಿಂದೆ ಮೊದಲು ಎರಡು ಕ್ವಿಂಟಲಿಗೂ ಮಿಕ್ಕಿ ಹುಲ್ಲು ಬರುತ್ತಿದ್ದರೆ, ಈಗ ಒಂದೇ ಕ್ವಿಂಟಲ್. ನೀರೂ ಗೊಬ್ಬರವೂ ಧಾರಾಳವಾಗಿರುವ ಕಡೆ ಒಟ್ಟು ಬೆಳೆಯೇ ಹೆಚ್ಚುವುದರಿಂದ ಈ ಕೊರತೆ ಅಷ್ಟಾಗಿ ತೋರುವುದಿಲ್ಲ. ಮಳೆಯನ್ನೇ ನಂಬಿದ, ಗೊಬ್ಬರಕ್ಕೆ ಕೈಯಲ್ಲಿ ಕಾಸಿಲ್ಲದ ಸಣ್ಣ ರೈತನ ಪಾಡು ಬೇರೆ. ಅವನ ಕಾಳು ಇಮ್ಮಡಿಯಾಗಲಿಲ್ಲ. ಬಣವೆ ಮಾತ್ರ ಕುಗ್ಗಿತು. ಹೊಸ ಬೀಜವನ್ನು ಒಲ್ಲೆನೆಂದ ಎಷ್ಟೋ ರೈತರನ್ನು ಆ ಕಾಲದಲ್ಲಿ ಹಳೆಯ ಕಂದಾಚಾರದವರೆಂದು ಹಳಿದದ್ದುಂಟು. ಹುಲ್ಲು ಸಾಲದು, ದನಕ್ಕೆ ಏನು ಹಾಕಲಿ ಎಂಬ ಅವನ ಪ್ರಶ್ನೆಯಲ್ಲಿ ಕಂದಾಚಾರವಿರಲಿಲ್ಲ, ಲೆಕ್ಕವಿತ್ತು. ಒಂದೆರಡು ಹಸು ಕಟ್ಟಿ, ಹಾಲು ಮಾರಿ ಸಂಸಾರ ತೂಗಿಸುವ ಹೆಣ್ಣುಮಗಳಿಗೆ ಬಣವೆಯ ಎತ್ತರವೇ ಬೇಸಗೆಯ ಧೈರ್ಯ.

ಹುಲ್ಲಿನ ಪ್ರಮಾಣದಂತೆ ಅದರ ಗುಣವನ್ನೂ ನೋಡಬೇಕು. ಬತ್ತದ ಹುಲ್ಲಿನಲ್ಲಿ ಮಾಂಸಪೋಷಕ ಅಂಶ ಬಹಳ ಕಡಮೆ, ನೂರಕ್ಕೆ ನಾಲ್ಕರಷ್ಟು. ಅದರ ದೇಹವೆಲ್ಲ ಸೆಲ್ಯುಲೋಸ್ ಎಂಬ ನಾರು. ಮನುಷ್ಯನಿಗೆ ಅದು ದಕ್ಕದು. ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ಆಹಾರವಾಗಿಸಬಲ್ಲವು. ಆದರೆ ಆ ನಾರಿಗೆ ಎರಡು ಕಾವಲುಗಳುಂಟು. ಒಂದು, ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ಅಂಟು. ಇನ್ನೊಂದು ಸಿಲಿಕ, ಅಂದರೆ ಮರಳಿನ ಅಂಶ. ಗೋಧಿಯ ಹುಲ್ಲಿಗಿಂತ ಬತ್ತದ ಹುಲ್ಲಿನಲ್ಲಿ ಇದು ಹೆಚ್ಚು. ಪಂಜಾಬಿನಲ್ಲಿ ದನಗಳಿಗೆ ಗೋಧಿಯ ಹೊಟ್ಟನ್ನು ಹಾಕಿ, ಬತ್ತದ ಹುಲ್ಲನ್ನು ಬಹುಮಟ್ಟಿಗೆ ಹೊಲದಲ್ಲಿಯೇ ಸುಡುವ ರೂಢಿ ಬಂದುದಕ್ಕೆ ಇದೂ ಒಂದು ಕಾರಣ. ಒಂದು ಕಡೆ ಮೇವಿಲ್ಲದ ದನ, ಇನ್ನೊಂದು ಕಡೆ ಹೊಗೆಯಾಗುವ ಹುಲ್ಲು!

ಈ ಹುಲ್ಲನ್ನು ಕಟಾವಿನ ಬಳಿಕ ಹದ ಮಾಡುವ ಉಪಾಯವೊಂದಿದೆ. ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಹುಲ್ಲು ಮೆತ್ತಗಾಗಿ ಸತ್ತ್ವ ಹೆಚ್ಚುತ್ತದೆ. ಒಳ್ಳೆಯ ಕ್ರಮವೇ, ಆದರೆ ಪ್ರತಿ ವರ್ಷ ಮಾಡಬೇಕು, ಖರ್ಚೂ ಶ್ರಮವೂ ಉಂಟು, ಅಳತೆ ತಪ್ಪಿದರೆ ದನಕ್ಕೆ ಅಪಾಯ. ಬೀಜದಲ್ಲಿಯೇ ಆ ಗುಣವನ್ನು ಇಟ್ಟುಬಿಟ್ಟರೆ? ಕಾಳಿಗಾಗಿ ದಂಟನ್ನು ಗಿಡ್ಡ ಮಾಡಿದ ಉತ್ಪರಿವರ್ತನೆಯೇ ದನಕ್ಕಾಗಿ ದಂಟನ್ನು ಮೃದು ಮಾಡಬಾರದೆ?

ಇದಕ್ಕೆ ಮೊದಲ ಸುಳಿವು ಸಿಕ್ಕಿದ್ದೂ ಜಪಾನಿನಲ್ಲಿ. ಕೈಯಿಂದ ಬಾಗಿಸಿದರೆ ಪಟಕ್ಕನೆ ಮುರಿಯುವ ದಂಟಿನ ಬತ್ತವೊಂದನ್ನು ಅಲ್ಲಿಯವರು ಬಹುಕಾಲದಿಂದ ಬಲ್ಲರು. ಅದಕ್ಕೆ ‘ಕಾಮಾಇರಾಜು’ ಎಂದು ಹೆಸರು. ಕುಡುಗೋಲು ಬೇಡದ್ದು ಎಂದು ಅರ್ಥ. ನೋಡಲು ಬೇರೆ ಬತ್ತದಂತೆಯೇ ಇರುತ್ತದೆ. ಅದರ ಕಾರಣವಾದ ವಂಶವಾಹಿಯನ್ನು ೨೦೦೩ರಲ್ಲಿ ಚೀನದ ವಿಜ್ಞಾನಿಗಳು ಗುರುತಿಸಿದರು. ದಂಟಿನಲ್ಲಿ ಸೆಲ್ಯುಲೋಸ್ ಕಡಮೆಯಾಗಿ, ಬಿಗಿ ತಪ್ಪಿತ್ತು. ಸುಲಭವಾಗಿ ಮುರಿಯುವ ಹುಲ್ಲನ್ನು ಕತ್ತರಿಸುವುದೂ ಅಗಿಯುವುದೂ ಸುಲಭವೆಂಬುದು ನಿಜ. ಆದರೆ ಅದೇ ಗಿಡದಲ್ಲಿ ಸೆಲ್ಯುಲೋಸ್ ಕುಗ್ಗಿದುದಕ್ಕೆ ಪ್ರತಿಯಾಗಿ ಲಿಗ್ನಿನ್ ಏರಿತ್ತು. ಒಂದು ಬಾಗಿಲು ತೆರೆದರೆ ಇನ್ನೊಂದು ಮುಚ್ಚಿಕೊಂಡಿತು.

ಎರಡನೆಯ ಪಾಠ ಸಿಲಿಕದಿಂದ ಬಂತು. ಒಕಯಾಮ ವಿಶ್ವವಿದ್ಯಾಲಯದ ಜಿಯಾನ್ ಫೆಂಗ್ ಮಾ ಅವರ ತಂಡವು, ಬೇರಿನಿಂದ ಸಿಲಿಕವನ್ನು ಹೀರಲಾರದ ಬತ್ತವೊಂದನ್ನು ಉತ್ಪರಿವರ್ತನೆಯಿಂದ ಪಡೆದು, ಅದರ ವಂಶವಾಹಿಯನ್ನು ೨೦೦೬ರಲ್ಲಿ ಪ್ರಕಟಿಸಿತು. ಮೇವು ಅವರ ಉದ್ದೇಶವಾಗಿರಲಿಲ್ಲ. ಗಿಡಕ್ಕೆ ಸಿಲಿಕ ಏಕೆ ಬೇಕೆಂದು ತಿಳಿಯುವುದು ಉದ್ದೇಶ. ಉತ್ತರ ಸ್ಪಷ್ಟವಾಗಿ ಸಿಕ್ಕಿತು. ಸಿಲಿಕವಿಲ್ಲದ ಬತ್ತ ಹುಳುವಿಗೂ ರೋಗಕ್ಕೂ ಸುಲಭವಾಗಿ ತುತ್ತಾಯಿತು. ಇಳುವರಿ ಬಹಳವಾಗಿ ಕುಸಿಯಿತು. ದನದ ಹಲ್ಲಿಗೆ ಕಂಟಕವಾದುದೇ ಪೈರಿಗೆ ಕವಚ. ಮರಳನ್ನೆಲ್ಲ ತೆಗೆದುಬಿಡುತ್ತೇವೆ ಎಂದು ಹೊರಟರೆ ಕಾಳೂ ಇಲ್ಲ, ಹುಲ್ಲೂ ಇಲ್ಲ.

ಮೂರನೆಯ ದಾರಿ ಲಿಗ್ನಿನ್ನಿನದು. ದಂಟಿನ ಗಿಣ್ಣುಗಳ ನಡುವೆ ಮತ್ತು ಕಾಳಿನ ಸಿಪ್ಪೆಯಲ್ಲಿ ಹೊಂಬಣ್ಣ ತೋರುವ ಒಂದು ಉತ್ಪರಿವರ್ತನೆಯುಂಟು. ಆ ಬಣ್ಣ ಲಿಗ್ನಿನ್ ಕಡಮೆಯಾದುದರ ಗುರುತೆಂದು ೨೦೦೬ರಲ್ಲಿ ತಿಳಿಯಿತು. ಲಿಗ್ನಿನ್ ಕಡಮೆಯಾದರೆ ಮೇವು ದಕ್ಕುತ್ತದೆ. ಆದರೆ ಗಿಡ ಮಲಗಬೇಕಲ್ಲವೆ? ಜಪಾನೀಯರು ಮೇವಿಗೆಂದೇ ಬೆಳೆಸಿದ ‘ಲೀಫ್ ಸ್ಟಾರ್’ ಎಂಬ ಎತ್ತರದ ತಳಿಯಲ್ಲಿ ಈ ಹೊಂಬಣ್ಣದ ಗುಣವಿದೆ. ಆದರೂ ಅದು ಸುಲಭವಾಗಿ ಮಲಗುವುದಿಲ್ಲ. ಏಕೆಂದು ಪರಿಶೀಲಿಸಿ ೨೦೧೪ರಲ್ಲಿ ವರದಿ ಮಾಡಿದರು. ಅದರ ದಂಟಿನ ಹೊರಪದರದ ನಾರು ದಪ್ಪ, ಸೆಲ್ಯುಲೋಸಿನ ಸಾಂದ್ರತೆ ಹೆಚ್ಚು. ಅಂಟು ಕಡಮೆಯಾದುದನ್ನು ನಾರು ತುಂಬಿಕೊಟ್ಟಿತ್ತು. ಒಂದು ಗುಣವನ್ನು ತೆಗೆದರೆ ಅದರ ಹೊರೆಯನ್ನು ಹೊರಲು ಇನ್ನೊಂದನ್ನು ಜೊತೆಗೂಡಿಸಬೇಕೆಂಬ ವಿವೇಕ ಇದರಿಂದ ದೊರೆಯಿತು.

ಜಪಾನಿನಲ್ಲಿ ಇನ್ನೂ ಮುಂದೆ ಹೋದರು. ಹಿರೋಶಿಮ ಪ್ರಾಂತದ ಫುಕುಯಾಮದಲ್ಲಿ ಸಿದ್ಧವಾದ ‘ತಾಚಿಸುಜುಕ’ ಎಂಬ ತಳಿಯಲ್ಲಿ ತೆನೆಯನ್ನೇ ಚಿಕ್ಕದು ಮಾಡಿದ್ದಾರೆ. ಕಾಳಿಗೆ ಹೋಗಬೇಕಾದ ಸಕ್ಕರೆ ದಂಟಿನಲ್ಲಿ ನಿಲ್ಲುತ್ತದೆ. ಇಡೀ ಗಿಡವನ್ನು ಹಸುರಾಗಿಯೇ ಕೊಯ್ದು, ಗಾಳಿಯಾಡದಂತೆ ಸುತ್ತಿ ಹುಳಿಯಿಟ್ಟು ಹಸುಗಳಿಗೆ ಹಾಕುತ್ತಾರೆ. ಅವರಿಗೆ ಇದು ಒಪ್ಪುವ ಮಾತು. ಅಲ್ಲಿಯ ಜನ ಅನ್ನ ಉಣ್ಣುವುದು ಕಡಮೆಯಾಗಿ, ಗದ್ದೆಗಳನ್ನು ಏನು ಮಾಡುವುದೆಂಬ ಚಿಂತೆ ಹತ್ತಿದೆ. ಕಾಳನ್ನು ಬಿಟ್ಟುಕೊಡುವ ಈ ಅನುಕೂಲ ನಮ್ಮ ಸಣ್ಣ ರೈತನಿಗಿಲ್ಲ. ಅವನ ಒಂದೇ ಗದ್ದೆ ಮನೆಮಂದಿಗೂ ಉಣಿಸಬೇಕು, ಕೊಟ್ಟಿಗೆಗೂ ಉಣಿಸಬೇಕು.

ಹಾಗಾದರೆ ಎರಡೂ ಒಂದೇ ಗಿಡದಲ್ಲಿ ಕೂಡಿಬರುವುದು ಸಾಧ್ಯವೆ? ಸಾಧ್ಯವೆನ್ನಲು ಆಧಾರಗಳಿವೆ. ಅಂತರರಾಷ್ಟ್ರೀಯ ಪಶುಸಂಗೋಪನ ಸಂಶೋಧನ ಸಂಸ್ಥೆಯವರು ಹೈದರಾಬಾದಿನ ಬಳಿಯ ಪಟಂಚೆರುವಿನಲ್ಲಿದ್ದುಕೊಂಡು, ಬೇರೆ ಬೇರೆ ಧಾನ್ಯಗಳ ಹುಲ್ಲು ದಂಟುಗಳನ್ನು ತಳಿವಾರು ಪರೀಕ್ಷಿಸಿದ್ದಾರೆ. ಒಂದೇ ಧಾನ್ಯದಲ್ಲಿ ಒಂದು ತಳಿಯ ಹುಲ್ಲು ಇನ್ನೊಂದಕ್ಕಿಂತ ಚೆನ್ನಾಗಿ ಜೀರ್ಣವಾಗುತ್ತದೆ. ಹಾಗೆ ಜೀರ್ಣವಾಗುವ ತಳಿಯ ಕಾಳು ಕಡಮೆಯಾಗಲೇಬೇಕೆಂಬ ನಿಯಮವೇನೂ ಇಲ್ಲ. ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸವೂ ಸಣ್ಣದಲ್ಲ. ಹೈದರಾಬಾದಿನ ಜೋಳದ ದಂಟಿನ ಪೇಟೆಯಲ್ಲಿ ವ್ಯಾಪಾರಿಗಳು, ಪ್ರಯೋಗಶಾಲೆಯ ನೆರವಿಲ್ಲದೆ ಕಣ್ಣಿನಿಂದಲೂ ಕೈಯಿಂದಲೂ ಗುಣ ನೋಡಿ, ಉತ್ತಮ ದಂಟಿಗೆ ಹೆಚ್ಚು ಬೆಲೆ ಕಟ್ಟುವುದನ್ನು ಅವರು ಕಂಡರು. ವಿಜ್ಞಾನಿಗಳು ತಡವಾಗಿ ಅಳೆದುದನ್ನು ಪೇಟೆಯವರು ಮೊದಲೇ ಬಲ್ಲರು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಸರಳವಾಗಿದೆ. ಕಿರಣವು ತಪ್ಪುಗಳನ್ನು ಹುಟ್ಟಿಸುತ್ತದೆ, ಅಷ್ಟೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕಿತ್ತೆಸೆಯಬೇಕು ಎಂಬುದನ್ನು ಸಾಲಿನ ನಡುವೆ ನಡೆಯುವ ಮನುಷ್ಯನ ಕಣ್ಣು ನಿರ್ಧರಿಸುತ್ತದೆ. ಗ್ರಂಥಸಂಪಾದಕನು ತಾನು ಹುಡುಕುವ ಪಾಠವನ್ನೇ ಕಾಣುವಂತೆ, ಕಾಳನ್ನೇ ಹುಡುಕಿದ ಕಣ್ಣಿಗೆ ಕಾಳೇ ಕಂಡಿತು. ಮೆತ್ತನೆಯ, ದಕ್ಕುವ ದಂಟಿನ ಗಿಡವೊಂದು ಆ ಸಾಲುಗಳಲ್ಲಿ ಹುಟ್ಟಿದ್ದರೂ ಅದನ್ನು ಅಳೆದು ನೋಡಿದವರಿಲ್ಲ. ಹೊಸ ತಳಿಯೊಂದನ್ನು ರೈತನ ಕೈಗೆ ಕೊಡುವಾಗ ಎಕರೆಗೆ ಎಷ್ಟು ಚೀಲವೆಂದು ಹೇಳುವಂತೆ, ಎಷ್ಟು ಹೊರೆ ಹುಲ್ಲು, ಅದರಲ್ಲಿ ದನಕ್ಕೆ ದಕ್ಕುವುದೆಷ್ಟು ಎಂಬುದನ್ನೂ ಹೇಳುವಂತಾಗಬೇಕು. ಅದು ತಳಿಶಾಸ್ತ್ರಜ್ಞನ ಪುಸ್ತಕಕ್ಕೆ ಒಂದು ಅಂಕಣ ಹೆಚ್ಚು, ಅಷ್ಟೆ. ಆದರೆ ಹೊಸ ಬೀಜವನ್ನು ಕೈಯಲ್ಲಿ ಹಿಡಿದು, ಕೊಟ್ಟಿಗೆಯ ಕಡೆ ನೋಡುತ್ತ ನಿಂತ ರೈತ ಅರುವತ್ತರ ದಶಕದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರೆಯಬೇಕಾದ ಸ್ಥಳ ಅದೇ.